ಚಳಿಯಲ್ಲಿ ನೀರುಹಕ್ಕಿಗಳಿಗಾಗಿ ಕಾದು ಕೂರುವಾಗ ಬಟ್ಟೆಯ ಪದರಗಳು ಹೇಗಿರಬೇಕು?

ಪ್ರಶ್ನೆ

ಚಳಿಗಾಲದಲ್ಲಿ ವಲಸೆ ಬಾತುಗಳ ಚಿತ್ರ ತೆಗೆಯಲು ನಾನು ಬೆಳಕು ಹರಿಯುವ ಮೊದಲೇ ಜೌಗು ನೆಲವನ್ನು ತಲುಪಿ, ಜೊಂಡಿನ ಮರೆಯಲ್ಲಿ ಮೂರು ಗಂಟೆ ಅಲುಗಾಡದೆ ಕೂರುತ್ತೇನೆ. ಆಗ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹತ್ತಿಯ ಬನಿಯನ್, ಅದರ ಮೇಲೆ ದಪ್ಪ ಅಂಗಿ, ಎರಡು ಸ್ವೆಟರ್, ಎಲ್ಲದರ ಮೇಲೆ ಪುಕ್ಕ ತುಂಬಿದ ಜಾಕೆಟ್, ಇಷ್ಟನ್ನೂ ಹೊರಡುವಾಗಲೇ ತೊಟ್ಟಿರುತ್ತೇನೆ. ಕ್ಯಾಮೆರಾ, ಟ್ರೈಪಾಡ್ ಹೊತ್ತು ಅರ್ಧ ಗಂಟೆ ಕೆಸರಿನಲ್ಲಿ ನಡೆಯುವಾಗ ಸೆಕೆಯೇ ಆಗುತ್ತದೆ. ಆದರೆ ಕುಳಿತು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬೆನ್ನಿನಿಂದ ನಡುಕ ಹುಟ್ಟುತ್ತದೆ. ಕಳೆದ ವಾರ ಬಾತುಗಳ ದೊಡ್ಡ ಗುಂಪೊಂದು ಎದುರಿಗೇ ಇಳಿದಾಗ, ಮರಗಟ್ಟಿದ್ದ ನನ್ನ ಬೆರಳಿಗೆ ಶಟರ್ ಗುಂಡಿ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಇನ್ನೂ ದಪ್ಪನೆಯ ಜಾಕೆಟ್ ಕೊಳ್ಳಬೇಕೇ, ಅಥವಾ ನಾನು ತೊಡುವ ಕ್ರಮದಲ್ಲೇ ತಪ್ಪಿದೆಯೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ಜಾಕೆಟ್ ಕೊಳ್ಳುವ ಅಗತ್ಯವಿಲ್ಲ. ನಿಮ್ಮನ್ನು ನಡುಗಿಸುತ್ತಿರುವುದು ಹೊರಗಿನ ಚಳಿಗಿಂತ ಹೆಚ್ಚಾಗಿ ನಿಮ್ಮದೇ ಬೆವರು. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಸೂಸುತ್ತದೆ. ಹೊರೆ ಹೊತ್ತು ಕೆಸರಿನಲ್ಲಿ ಕಾಲೆಳೆಯುತ್ತಾ ನಡೆಯುವಾಗ ಅದು ನಾಲ್ಕು ಪಟ್ಟು ದಾಟುತ್ತದೆ. ಕೂರುವುದಕ್ಕೆಂದು ತೊಟ್ಟ ಬಟ್ಟೆಯಲ್ಲಿ ನಡೆದರೆ ಬೆವರದೆ ಇರಲು ಸಾಧ್ಯವೇ ಇಲ್ಲ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ನಿಮ್ಮ ಬನಿಯನ್ 100 ಗ್ರಾಂ ಬೆವರು ಹೀರಿಕೊಂಡಿದೆ ಎಂದಿಟ್ಟುಕೊಂಡರೆ, ಅದನ್ನು ಒಣಗಿಸಲು ಬೇಕಾದ ಶಾಖವು ಕುಳಿತ ದೇಹ 40 ನಿಮಿಷಗಳಲ್ಲಿ ಉತ್ಪಾದಿಸುವ ಅಷ್ಟೂ ಶಾಖಕ್ಕೆ ಸಮವಾಗುತ್ತದೆ. ಹತ್ತಿಯಂತೂ ನೀರನ್ನು ಹಿಡಿದಿಟ್ಟುಕೊಂಡು ಮೈಗೆ ಅಂಟಿಕೊಂಡೇ ಇರುತ್ತದೆ.

ಆದ್ದರಿಂದ ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ ಇರಲಿ: ಮೈಗೆ ಹತ್ತಿಕೊಂಡಂತೆ ತೆಳುವಾದ ಮೆರಿನೊ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಒಳಂಗಿ, ಅದರ ಮೇಲೆ ಗಾಳಿ ತಡೆಯುವ ಒಂದು ತೆಳು ಜಾಕೆಟ್, ಅಷ್ಟು ಸಾಕು. ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಕೃತಕ ಬಟ್ಟೆಯ ಅಂಗಿ) ಮತ್ತು ಪುಕ್ಕದ ಜಾಕೆಟ್ ಚೀಲದಲ್ಲಿರಲಿ. ಜಾಗ ತಲುಪಿದ ಮೇಲೆ ಮೈಯೊರೆಸಿ, ಒಣಗಿದ ಒಳಂಗಿ ಬದಲಿಸಿ, ಮೈ ತಣ್ಣಗಾಗುವುದಕ್ಕೆ ಮೊದಲೇ ಉಳಿದ ಪದರಗಳನ್ನು ತೊಡಿ. ಬೆಚ್ಚಗಿಡುವುದು ಬಟ್ಟೆಯ ತೂಕವಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿ. ಹಾಗಾಗಿ ಹೊರಪದರ ಒಳಗಿನವನ್ನು ಅದುಮದಷ್ಟು ಸಡಿಲವಾಗಿರಬೇಕು. ನಿಮ್ಮ ಎರಡು ಸ್ವೆಟರ್‌ಗಳು ಆ ಜಾಕೆಟ್‌ನೊಳಗೆ ಬಿಗಿಯಾಗಿದ್ದರೆ ಒಂದನ್ನು ತೆಗೆದಾಗಲೇ ಹೆಚ್ಚು ಬೆಚ್ಚಗಾಗಬಹುದು. ಪುಕ್ಕ ಒದ್ದೆಯಾದರೆ ಮುದ್ದೆಗಟ್ಟುತ್ತದೆ. ನೀರಿನ ಪಕ್ಕದಲ್ಲಿ ಕೂರುವವರಿಗೆ ಕೃತಕ ನಾರು ತುಂಬಿದ ಜಾಕೆಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ.

ಉತ್ತರ 2

ಮೇಲಿನವರು ಬೆವರಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬೀಸುಗಾಳಿಯಲ್ಲಿ ಬರಿಮೈಯಾಗಿ ಒಳಂಗಿ ಬದಲಿಸುವ ಸಲಹೆ ಎಲ್ಲ ದಿನಗಳಿಗೂ ಹೊಂದುವುದಿಲ್ಲ. ಹವಾಮಾನದವರ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿಯಿದ್ದರೆ ಬಯಲಾದ ಚರ್ಮಕ್ಕೆ ಅದು ಮೈನಸ್ 6 ಡಿಗ್ರಿಯಂತೆ ತಾಗುತ್ತದೆ. ಅಂತಹ ದಿನಗಳಿಗೆ ನಾನು ಬಲೆಯಂತೆ ತೂತುತೂತಾಗಿ ಹೆಣೆದ ಬನಿಯನ್ ಬಳಸುತ್ತೇನೆ. ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರುನ್ 1933ರಲ್ಲಿ ರೂಪಿಸಿದ ಉಪಾಯವಿದು. ನಡೆಯುವಾಗ ತೂತುಗಳ ಮೂಲಕ ಆವಿ ಹೊರಹೋಗುತ್ತದೆ, ಕುಳಿತಾಗ ಅವುಗಳಲ್ಲೇ ಗಾಳಿ ನಿಂತು ಬೆಚ್ಚಗಿಡುತ್ತದೆ, ಮತ್ತು ಮೇಲಿನ ಪದರ ಒದ್ದೆಯಾದರೂ ಅದು ಚರ್ಮಕ್ಕೆ ನೇರವಾಗಿ ಅಂಟುವುದಿಲ್ಲ. ನೋಡಲು ಮೀನಿನ ಬಲೆ ಸುತ್ತಿಕೊಂಡಂತೆ ಕಾಣುತ್ತದೆ ಎಂದು ಮನೆಯವರು ನಗುತ್ತಾರೆ, ನಗಲಿ.

ಬೆರಳುಗಳ ವಿಷಯ. ದೇಹದ ನಡುಭಾಗ ತಣ್ಣಗಾದಾಗ ಕೈಕಾಲುಗಳ ರಕ್ತನಾಳಗಳು ಸಂಕುಚಿಸುವುದರಿಂದ, ಎದೆ ಬೆಚ್ಚಗಿಲ್ಲದೆ ಎಷ್ಟು ದಪ್ಪ ಕೈಗವಸು ತೊಟ್ಟರೂ ಪ್ರಯೋಜನ ಕಡಿಮೆ. ಗುಂಡಿ ಒತ್ತಲು ಆಗುವಂತಹ ತೆಳು ಕೈಗವಸು ಒಳಗಿರಲಿ, ಅದರ ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಸೇರುವ ದೊಡ್ಡ ಗವಸು ಇರಲಿ, ಹಕ್ಕಿ ಇಳಿದಾಗ ಮೇಲಿನದನ್ನಷ್ಟೇ ಕಳಚಿ. ಕಾಲಿಗೆ ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿದರೆ ರಕ್ತಸಂಚಾರ ಕುಂಠಿತವಾಗುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯದು, ಒಳಗೆ ಕಾಲ್ಬೆರಳು ಆಡಿಸುವಷ್ಟು ಜಾಗ, ಇಷ್ಟಿದ್ದರೆ ಒಳ್ಳೆಯದು. ಯೋಗದ ಚಾಪೆಯಂತಹ ಫೋಮ್ ತುಂಡೊಂದನ್ನು ಕೂರುವ ಜಾಗಕ್ಕೂ ಇನ್ನೊಂದನ್ನು ಬೂಟಿನ ಕೆಳಗೂ ಹಾಸಿಕೊಳ್ಳಿ. ಒದ್ದೆ ನೆಲ ಎಳೆದುಕೊಳ್ಳುವಷ್ಟು ಶಾಖವನ್ನು ನಿಂತ ಗಾಳಿ ಎಳೆಯುವುದಿಲ್ಲ.

ಉತ್ತರ 3

ಎರಡು ಮಾತು ಸೇರಿಸುತ್ತೇನೆ. ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣಗಳಲ್ಲಿರುವುದು ಕಬ್ಬಿಣದ ಪುಡಿ. ಅದು ಆಮ್ಲಜನಕದೊಂದಿಗೆ ಸೇರಿ ತುಕ್ಕು ಹಿಡಿಯುವಾಗ ಬರುವ ಶಾಖವೇ ನಿಮಗೆ ಸಿಗುವುದು. ಗಾಳಿಯಾಡದ ರಬ್ಬರ್ ಬೂಟಿನೊಳಗೆ ಅದು ಬೇಗ ಆರಿಹೋಗುತ್ತದೆ; ಜೇಬಿನಲ್ಲಿಡುವುದೇ ಸರಿ. ಎರಡನೆಯದಾಗಿ, ಸೊಂಟದವರೆಗಿನ ಜಲನಿರೋಧಕ ಉಡುಪು ಧರಿಸಿ ನೀರಿಗಿಳಿಯುವವರು ನಡುಪಟ್ಟಿಯನ್ನು ಮರೆಯಬಾರದು, ಏಕೆಂದರೆ ಕಾಲು ಜಾರಿದಾಗ ಒಳಗೆ ನುಗ್ಗುವ ನೀರನ್ನು ತಗ್ಗಿಸುವುದು ಅದೇ. ನಡುಕದ ಜೊತೆಗೆ ಮಾತು ತೊದಲಲು ಆರಂಭವಾದರೆ ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಯ ಕೆಳಗೆ ಇಳಿಯುತ್ತಿರಬಹುದು. ಆಗ ಎಂತಹ ಅಪರೂಪದ ಹಕ್ಕಿ ಎದುರಿಗಿದ್ದರೂ ಎದ್ದು ಹೊರಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. 100 ಗ್ರಾಂ ಬೆವರಿನ ಲೆಕ್ಕ ಉತ್ಪ್ರೇಕ್ಷೆಯೇನೋ ಎಂಬ ಅನುಮಾನದಿಂದ ನಿನ್ನೆ ಬನಿಯನ್ ಅನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅದೇ ಬಟ್ಟೆ ಅದೇ ಹೊರೆಯೊಂದಿಗೆ ಅರ್ಧ ಗಂಟೆ ನಡೆದು ಬಂದು ಮತ್ತೆ ತೂಗಿದೆ. 140 ಗ್ರಾಂ ಇದ್ದದ್ದು 225 ಆಗಿತ್ತು. ಜಾಕೆಟ್ ಕೊಳ್ಳುವ ಯೋಚನೆ ಬಿಟ್ಟು ಬಲೆ ಬನಿಯನ್ ಹುಡುಕುತ್ತಿದ್ದೇನೆ.