ಪದಚರ್ಚೆ: ನೆಕ್ರೋಸಿಸ್ ‘ಕೊಳೆ’ಯೇ? ಅಪೊಪ್ಟೋಸಿಸ್‌ಗೆ ‘ಕಳಚು’ ಒಗ್ಗೀತೇ?

ಗೆಳೆಯರೆ,

ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ ಓದುವ ಮಕ್ಕಳಿಗಾಗಿ ರೋಗಶಾಸ್ತ್ರದ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯವೇ ಜೀವಕೋಶಕ್ಕೆ ಪೆಟ್ಟು ಬಿದ್ದರೆ ಏನಾಗುತ್ತದೆ, ಅದು ಹೇಗೆ ಸಾಯುತ್ತದೆ ಎಂಬುದು. ಅಲ್ಲೇ ಗಾಡಿಯ ಗಾಲಿ ಹೂತುಕೊಂಡಿದೆ. ಪೆಟ್ಟು ತಾಳದೆ ಆಗುವ ಸಾವು ನೆಕ್ರೋಸಿಸ್, ಕೋಶ ತಾನೇ ಕ್ರಮವಾಗಿ ಮುಗಿದುಹೋಗುವುದು ಅಪೊಪ್ಟೋಸಿಸ್. ಎರಡೂ ಕೋಶದ ಸಾವೇ ನಿಜ. ಆದರೆ ಎರಡನ್ನೂ ‘ಕೋಶಮರಣ’ ಎಂದು ಬರೆದುಬಿಟ್ಟರೆ ಕಲಿಸಲು ಏನೂ ಉಳಿಯುವುದಿಲ್ಲ.

ಪೆಟ್ಟಿನ ಹಂತಕ್ಕೆ ತೊಂದರೆಯಿಲ್ಲ. ‘ಗಾಯ’ ಎಂದರೆ ರಕ್ತ ಕಣ್ಣಿಗೆ ಬರುತ್ತದೆ, ‘ಹಾನಿ’ ಎಂದರೆ ವಿಮೆ ಕಂಪನಿಯ ಕಾಗದದಂತಿರುತ್ತದೆ. ನಾನು ‘ಘಾಸಿ’ ಇಟ್ಟುಕೊಂಡಿದ್ದೇನೆ. ಘಾಸಿಗೊಂಡದ್ದು ಚೇತರಿಸಿಕೊಳ್ಳಲೂಬಹುದು, ಸಾಯಲೂಬಹುದು. ಹೃದಯದ ಸ್ನಾಯುಕೋಶಕ್ಕೆ ರಕ್ತ ನಿಂತರೆ ಸುಮಾರು 20ರಿಂದ 30 ನಿಮಿಷದವರೆಗೆ ಹಿಂದಿರುಗುವ ದಾರಿ ಇರುತ್ತದೆ, ಆಮೇಲೆ ಮುಚ್ಚಿಹೋಗುತ್ತದೆ. ಆ ಅಂಚಿನವರೆಗಿನ ಸ್ಥಿತಿಗೆಲ್ಲ ಘಾಸಿ ಸಾಕು.

ತೊಡಕಿರುವುದು ಮುಂದೆ. ನನ್ನ ಕೈಗೆ ಬಂದ ಹಳೆಯ ಟಿಪ್ಪಣಿಯೊಂದರಲ್ಲಿ ನೆಕ್ರೋಸಿಸ್‌ಗೆ ‘ಊತಕಕ್ಷಯ’ ಎಂದಿದೆ. ಈ ಒಂದು ಪದದಲ್ಲಿ ಎರಡು ಮುಳ್ಳುಗಳಿವೆ. ಟಿಶ್ಯೂ ಎಂಬರ್ಥದ ಊತಕ ಬಂದದ್ದು ‘ನೇಯ್ದದ್ದು’ ಎಂಬ ಸಂಸ್ಕೃತದ ಊತದಿಂದ, ಮಕ್ಕಳ ಕಿವಿಗೆ ಕೇಳುವುದು ಕಾಲು ಊದಿಕೊಂಡ ಕನ್ನಡದ ಊತ. ಘಾಸಿಗೊಂಡ ಕೋಶ ಮೊದಲು ಮಾಡುವುದೇ ನೀರು ಕುಡಿದು ಊದಿಕೊಳ್ಳುವುದನ್ನು. ಹಾಗಾಗಿ ‘ಊತಕದಲ್ಲಿ ಊತ’ ಎಂದು ಕಪ್ಪುಹಲಗೆಯ ಮೇಲೆ ಬರೆದ ದಿನ ತರಗತಿ ನಕ್ಕದ್ದರಲ್ಲಿ ತಪ್ಪಿಲ್ಲ. ಇನ್ನು ಕ್ಷಯ ನಮ್ಮಲ್ಲಿ ಟಿಬಿಗೆ ಮೀಸಲಾಗಿಹೋಗಿದೆ. ಟಿಬಿಯಲ್ಲಿ ಕಾಣುವ ನೆಕ್ರೋಸಿಸ್ ಅನ್ನು ‘ಕ್ಷಯದಲ್ಲಿನ ಊತಕಕ್ಷಯ’ ಎಂದು ಬರೆದು ನಾನೇ ಕಾಟು ಹಾಕಿದೆ. ಮುಂದೆಲ್ಲ ‘ಅಂಗಾಂಶ’ವನ್ನೇ ಬಳಸಿದ್ದೇನೆ.

ಆ ಟಿಬಿಯ ನೆಕ್ರೋಸಿಸ್‌ಗೆ ಇಂಗ್ಲಿಷಿನವರು ಇಟ್ಟ ‘ಕೇಸಿಯಸ್’ ಎಂಬ ವಿಶೇಷಣ ಚೀಸಿನ ಲ್ಯಾಟಿನ್ ಹೆಸರಿನಿಂದ ಬಂದದ್ದು. ಕೊಯ್ದು ನೋಡಿದರೆ ಬಿಳಿ ಹಳದಿ ಬಣ್ಣ, ಮುಟ್ಟಿದರೆ ಪುಡಿಪುಡಿ. ಹಸು ಕರು ಹಾಕಿದ ವಾರ ಬೆಲ್ಲ ಏಲಕ್ಕಿ ಹಾಕಿ ಆವಿಯಲ್ಲಿ ಬೇಯಿಸಿದ ಗಿಣ್ಣನ್ನು ಚಮಚದಿಂದ ಒಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಗಿಣ್ಣುಗಟ್ಟಿದ’ ಎಂದು ಬರೆದು ಖುಷಿಪಟ್ಟೆ. ಸಹೋದ್ಯೋಗಿಯೊಬ್ಬರು ಕೇಳಿದರು: ಬೆರಳಿನ ಗಿಣ್ಣಿಗೆ ಟಿಬಿ ಬಂದರೆ ಏನು ಬರೀತೀರಿ? ಗಿಣ್ಣಿನಲ್ಲಿ ಗಿಣ್ಣು! ಆದರೂ ನಾನದನ್ನು ಬಿಡುವವನಲ್ಲ.

ವಿಶೇಷಣ ಸಿಕ್ಕಿತು, ನಾಮಪದ ಸಿಗಲಿಲ್ಲ. ಎಲ್ಲರೂ ಸಲೀಸಾಗಿ ಸೂಚಿಸುವುದು ‘ಕೊಳೆತ’. ಸಕ್ಕರೆ ಕಾಯಿಲೆಯವರ ಕಾಲು ಕಪ್ಪಾದಾಗ ಮನೆಯವರೂ ‘ಕೊಳೀತಾ ಇದೆ’ ಎಂದೇ ಹೇಳುತ್ತಾರೆ. ಆದರೆ ಹೃದಯಾಘಾತವಾಗಿ ಒಂದೆರಡು ದಿನ ಕಳೆದ ಸ್ನಾಯುವಿನ ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ. ಬಣ್ಣ ಕಡುಗುಲಾಬಿ. ಎಳೆಗಳು ಸಾಲಾಗಿಯೇ ಇವೆ, ಅಂಚು ಸ್ಪಷ್ಟ, ನೀಲಿ ಚುಕ್ಕೆಯಾಗಿ ಕಾಣಬೇಕಿದ್ದ ನ್ಯೂಕ್ಲಿಯಸ್ ಮಾತ್ರ ಮಾಯ. ಗೋಡೆ ನಿಂತಿದೆ, ಒಳಗೆ ಯಾರೂ ಇಲ್ಲ. ಅಲ್ಲಿ ಬ್ಯಾಕ್ಟೀರಿಯಾ ಇಲ್ಲ, ನಾತವಿಲ್ಲ. ಬೆಂದ ಮೊಟ್ಟೆಯ ಬಿಳಿಭಾಗದಂತೆ ಪ್ರೋಟೀನು ಗಟ್ಟಿಯಾಗಿದೆ ಅಷ್ಟೆ. ಇದನ್ನು ಕೊಳೆ ಎನ್ನಲಾರೆ. ಮಿದುಳಿಗೆ ರಕ್ತ ನಿಂತರೆ ಆ ಭಾಗ ಕರಗಿ ನೀರಾಗುತ್ತದೆ, ಅದೂ ಕೊಳೆಯಲ್ಲ. ಕೊಳೆಯುವುದು ಸತ್ತ ಮೇಲಿನ ಮಾತು, ಸೂಕ್ಷ್ಮಜೀವಿಗಳು ಬಂದ ಮೇಲಿನದು. ಕಾಲು ಕಪ್ಪಾಗುವ ಆ ಗ್ಯಾಂಗ್ರೀನಿನಲ್ಲೂ ಒದ್ದೆ ಗ್ಯಾಂಗ್ರೀನಿಗೆ ಕೊಳೆ ಒಪ್ಪುತ್ತದೆ, ಒಣ ಗ್ಯಾಂಗ್ರೀನಿಗೆ ಅದೂ ಇಲ್ಲ.

ಕೊಳೆ ಎಂಬ ಪದದ ಮೇಲೆ ನನಗೆ ಮುನಿಸಿಲ್ಲ, ಹೆಮ್ಮೆಯೇ ಇದೆ. ಕಾಫಿ ಎಲೆಯ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ. ಕುಕ್ 19ನೇ ಶತಮಾನದಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಹೆಸರಿಟ್ಟರು. ಲ್ಯಾಟಿನ್ ಹೆಸರಿನೊಳಗೆ ಅಚ್ಚಕನ್ನಡ! ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆಯ ಬಗ್ಗೆ ಬರೆದಾಗಲೂ ನಮ್ಮ ಪದವನ್ನೇ ಉಳಿಸಿಕೊಂಡರು. ಪದ ಗಟ್ಟಿಯಾಗಿದೆ, ಇಲ್ಲಿಗೆ ಹೊಂದುವುದಿಲ್ಲ, ಅಷ್ಟೇ.

ಅಪೊಪ್ಟೋಸಿಸ್ ಕಥೆ ಬೇರೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಈ ಪದವನ್ನು ಚಲಾವಣೆಗೆ ತಂದರು. ಸೂಚಿಸಿದವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಮರದಿಂದ ಎಲೆ, ಹೂವಿನಿಂದ ಎಸಳು ಬೀಳುವುದಕ್ಕೆ ಗ್ರೀಕರು ಹೀಗೆನ್ನುತ್ತಿದ್ದರಂತೆ. ಎರಡನೆಯ ‘ಪ’ಕಾರವನ್ನು ಉಚ್ಚರಿಸಬೇಡಿ ಎಂದೂ ಆ ಮೂವರು ಅಡಿಟಿಪ್ಪಣಿಯಲ್ಲಿ ಕೇಳಿಕೊಂಡಿದ್ದರು. ಹಾಗಾದರೆ ಕನ್ನಡದಲ್ಲಿ ‘ಅಪೊಟೋಸಿಸ್’ ಎಂದು ಬರೆಯಬೇಕೇ? ನುಡಿದಂತೆ ಬರೆಯುವ ನಮಗೆ ಇದೂ ಒಂದು ಪ್ರಶ್ನೆಯೇ.

ಪತ್ರಿಕೆಗಳಿಗೆ ಪ್ರಿಯವಾದದ್ದು ‘ಕೋಶದ ಆತ್ಮಹತ್ಯೆ’. ನನಗೆ ಒಗ್ಗದು. ಆತ್ಮಹತ್ಯೆಯಲ್ಲಿ ಸಂಕಟವಿದೆ, ಪೊಲೀಸರಿದ್ದಾರೆ. ಇಲ್ಲಿ ನಡೆಯುವುದು ಕೋಶ ಕುಗ್ಗಿ, ತುಣುಕುತುಣುಕಾಗಿ, ಪ್ರತಿ ತುಣುಕೂ ಪೊರೆಯೊಳಗೇ ಉಳಿದು, ನೆರೆಯ ಕೋಶಗಳು ಅವನ್ನು ನುಂಗಿ, ಉರಿಯೂತವಿಲ್ಲದೆ ಮುಗಿಯುವ ಕೆಲಸ. ನೆಕ್ರೋಸಿಸ್‌ನಲ್ಲಾದರೆ ಪೊರೆ ಹರಿದು ಒಳಗಿನದೆಲ್ಲ ಚೆಲ್ಲಿ ಸುತ್ತಲೂ ರಂಪ. ಸಿ. ಎಲಿಗನ್ಸ್ ಎಂಬ ಹುಳುವಿನ ಮೈ ಕಟ್ಟುವಾಗ 1090 ಕೋಶಗಳು ಹುಟ್ಟಿ, ಲೆಕ್ಕ ಹಾಕಿದಂತೆ 131 ಸಾಯುತ್ತವೆ. ಈ ಹುಳುವಿನ ಮೇಲಿನ ಕೆಲಸಕ್ಕೇ ಬ್ರೆನ್ನರ್, ಹೋರ್ವಿಟ್ಜ್, ಸಲ್‌ಸ್ಟನ್ ಅವರಿಗೆ 2002ರ ನೊಬೆಲ್ ಬಂತು. ಭ್ರೂಣದ ಬೆರಳುಗಳ ನಡುವಿನ ಜಾಲಪೊರೆ ಹೋಗುವುದೂ ಹೀಗೆಯೇ.

ಗ್ರೀಕರ ಎಲೆಯನ್ನೇ ಹಿಡಿದು ‘ಉದುರು’ ಎನ್ನೋಣವೆಂದರೆ, ನಮ್ಮ ಅಡಿಕೆ ತೋಟದಲ್ಲಿ ಕೊಳೆ ಬಂದ ಎಳೆಗಾಯಿಯೂ ಉದುರುತ್ತದೆ! ‘ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು’ ಎಂಬ ಗಾದೆ ನೆನಪಾಗಿ ‘ಹಣ್ಣುಸಾವು’ ಎಂದೂ ಬರೆದು ನೋಡಿದೆ. ಆದರೆ ವೈರಸ್ ಹೊಕ್ಕ ಎಳೆಯ ಕೋಶವೂ ಹೀಗೆ ಸಾಯಬಹುದು, ವಯಸ್ಸಿನ ಮಾತಲ್ಲ.

ಆಗ ಕಂಡದ್ದು ಸೋಗೆ. ಅಡಿಕೆ ಮರದ ಸೋಗೆ, ಅಂದರೆ ಗರಿ, ಕಾಂಡವನ್ನು ಸುತ್ತಿದ ಹಾಳೆಸಮೇತ ಬುಡದಲ್ಲಿ ಬಿಟ್ಟುಕೊಂಡು ಧೊಪ್ಪೆಂದು ಬೀಳುತ್ತದೆ. ಮರಕ್ಕೆ ಗಾಯವಿಲ್ಲ, ಒಂದು ಉಂಗುರದ ಗುರುತು ಮಾತ್ರ. ಹಾಳೆ ಹೋದ ಮೇಲೇ ಅದರ ಸಂದಿನಲ್ಲಿದ್ದ ಹೊಂಬಾಳೆ, ಅಂದರೆ ಹೂಗೊಂಚಲು, ಹೊರಗೆ ಕಾಣುವುದು. ಇದಕ್ಕೆ ನಮ್ಮ ಮಾತು ‘ಕಳಚಿತು’. ಹಾಗಾಗಿ ಸುಡು, ಕಾಡು ಸೇರಿ ‘ಸುಡುಗಾಡು’ ಎಂಬ ಪದವಾದ ಮಾದರಿಯಲ್ಲಿ ‘ಕಳಚುಸಾವು’ ಎಂದು ಕಟ್ಟಿದ್ದೇನೆ. ತಕರಾರೂ ನನ್ನದೇ: ತಲೆಯ ಹೊಟ್ಟಿನಂತೆ ಚರ್ಮದ ಕೋಶಗಳು ಕಳಚಿ ಬೀಳುವುದು ಬೇರೆಯೇ ಸಂಗತಿ, ಅದಕ್ಕೂ ಒಂದು ಪದ ಬೇಕಲ್ಲ. ಅಲ್ಲಿ ‘ಸುಲಿ’, ‘ಉದುರು’ ಬಳಸಿ ಸುಧಾರಿಸಬಹುದೇ?

ನೆಕ್ರೋಸಿಸ್‌ಗೆ ಸದ್ಯ ‘ಕಮರುಸಾವು’ ಎಂದಿಟ್ಟಿದ್ದೇನೆ. ರಕ್ತ ನಿಂತು ಸತ್ತದ್ದಕ್ಕೆ ಕಮರು ಚೆನ್ನಾಗಿ ಹೊಂದುತ್ತದೆ, ಮಿದುಳು ನೀರಾದದ್ದಕ್ಕೆ ಹೊಂದುವುದಿಲ್ಲ. ಹೋದ ಪರೀಕ್ಷೆಯಲ್ಲಿ ಹುಡುಗನೊಬ್ಬ ನೆಕ್ರೋಸಿಸ್ ಎಂದರೆ ‘ಕೋಶದ ದುರ್ಮರಣ’ ಎಂದು ಬರೆದಿದ್ದ. ನಕ್ಕೆ, ಆದರೆ ಅಂಕ ಕಳೆಯಲು ಕಾರಣ ಸಿಗಲಿಲ್ಲ. ಅದನ್ನೇ ಇಟ್ಟುಕೊಳ್ಳಲೇ? ಅಡಿಕೆ ಕಾಣದ ಬಯಲುಸೀಮೆಯವರ ಕಿವಿಗೆ ‘ಕಳಚು’ ಹೇಗೆ ಕೇಳುತ್ತದೆ? ನಿಮ್ಮ ಕಡೆ ಹಣ್ಣು ತೊಟ್ಟಿನಿಂದ ತಾನಾಗಿ ಬಿಟ್ಟುಕೊಳ್ಳುವುದಕ್ಕೆ ಬೇರೆ ಮಾತಿದ್ದರೆ ತಿಳಿಸಿ. ಹೊಲ, ಹಟ್ಟಿಯ ಮಾತಾದರೂ ಸರಿ.