ಒಳಗೆ ಹೋಗಿ ವಾಪಸ್ ಬಂದ ಚೆಂಡು ಗೋಲೋ ಅಲ್ವೋ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರಿನ ಜಾಗದಲ್ಲಿ ನನಗೆ ಅವರು ಏನಾಗಬೇಕೋ ಅದನ್ನು ಬರೆದಿದ್ದೇನೆ.

ಮೈಸೂರಿನ ಮನೆಯ ಮಹಡಿಯಲ್ಲಿ ಒಂದು ಫೂಸ್‌ಬಾಲ್ ಟೇಬಲ್ ಇದೆ, ಕಂಬಿಗೆ ಸಿಕ್ಕಿಸಿದ ಬೊಂಬೆಗಳಿಂದ ಚೆಂಡು ಹೊಡೆದು ಗೋಲ್ ಮಾಡುವ ಆಟದ್ದು. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಒಂದು ಆಫೀಸಿನಿಂದ ಅಣ್ಣ ತಂದಿದ್ದು. ಅಣ್ಣ, ತಮ್ಮ, ದೊಡ್ಡಪ್ಪನ ಮಕ್ಕಳು ಸೇರಿ ಅದರ ಮೇಲೆ ಲೀಗ್ ಆಡುತ್ತಾರೆ. ಪ್ಲೇಆಫ್ ಐಪಿಎಲ್‌ನಲ್ಲಿ ಇದ್ದ ಹಾಗೆಯೇ, ಎರಡು ಕ್ವಾಲಿಫೈಯರ್, ಒಂದು ಎಲಿಮಿನೇಟರ್, ಫೈನಲ್. ಈ ಸಲ ಎರಡನೇ ಕ್ವಾಲಿಫೈಯರ್‌ನಲ್ಲಿ ಅಣ್ಣ, ತಮ್ಮ ಎದುರುಬದುರಾದರು. ಮೂರು ಗೇಮಿನ ಮ್ಯಾಚ್. 1-1 ಆಗಿ, ಮೂರನೆಯದು 4-4ಕ್ಕೆ ಬಂದು ನಿಂತಿತ್ತು. ಮೊದಲು 5 ಮುಟ್ಟಿದವರು ಫೈನಲ್‌ಗೆ. ತಮ್ಮ ಜೋರಾಗಿ ಹೊಡೆದ. ಗೋಲ್ ಅಂತ ಕೈ ಎತ್ತಿದ. ಚೆಂಡು ವಾಪಸ್ ಬಂದು ಅಣ್ಣನ ಬೊಂಬೆಯ ಕಾಲ ಬಳಿ ನಿಂತಿತು. ಅಂಪೈರ್ ಆಗಿದ್ದ ಮಾವ "ಆಡಿ, ಆಡಿ" ಅಂದರು. ಅಣ್ಣ ಅಲ್ಲಿಂದಲೇ ಹೊಡೆದು ಗೋಲ್ ಮಾಡಿ ಗೆದ್ದ. ರಾತ್ರಿ ಪುಟ್ಟ ವಿಡಿಯೊ ಹಾಕಿದ.

ಪುಟ್ಟ (ಅಣ್ಣನ ಮಗ): [ವಿಡಿಯೊ] ಕೊನೇ ಎರಡು ಹೊಡೆತ. ನಿಧಾನಕ್ಕೆ ಓಡಿಸಿ ನೋಡಿ.

ತಮ್ಮ: ಎಲ್ಲರೂ ನೋಡಿದಿರಾ? ಚೆಂಡು ಗೋಲಿನ ಒಳಗೆ ಹೋಗಿದೆ. ಹಿಂದಿನ ಹಲಗೆಗೆ ಬಡಿದು ವಾಪಸ್ ಬಂದಿದೆ. ನಾನು ಕಂಬಿಯಿಂದ ಕೈ ತೆಗೆದ ಮೇಲೆ ಅಣ್ಣ ಹೊಡೆದಿದ್ದಾನೆ. ಇದು ಗೆಲುವಾ?

ಅಣ್ಣ: ಅಂಪೈರ್ ಗೋಲ್ ಅನ್ನುವ ಮೊದಲೇ ಕೈ ಬಿಟ್ಟಿದ್ದು ಯಾರು? ಮಾವ ಆಡಿ ಅಂದರು, ನಾನು ಆಡಿದೆ. ಅಷ್ಟೇ.

ಮಾವ: ನನಗೆ ಚೆಂಡು ಟೇಬಲ್ ಮೇಲೆ ಕಾಣಿಸಿತು. ಅದಕ್ಕೇ ಆಡಿ ಅಂದೆ. ಒಳಗೆ ಹೋಗಿದ್ದು ನಾನು ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ.

ಅಮ್ಮ: ಊಟದ ಹೊತ್ತಿಗೂ ಇಬ್ಬರೂ ಮಾತಾಡಲಿಲ್ಲ. ಒಬ್ಬ ಮಹಡಿಯಲ್ಲಿ, ಒಬ್ಬ ಜಗಲಿಯಲ್ಲಿ.

ನಾನು: ಮಾವ, ನಿಮ್ಮದೇನೂ ತಪ್ಪಿಲ್ಲ. ನೀವು ನಿಂತಿದ್ದ ಕಡೆಯಿಂದ ಗೋಲಿನ ಬಾಯಿ ಕಾಣುವುದೇ ಇಲ್ಲ. ಆದರೆ ಅಣ್ಣ, ಒಂದು ಕೇಳುತ್ತೇನೆ. ಚೆಂಡು ಒಳಗೆ ಹೋಗಿತ್ತು ಅಂತಲೇ ಇಟ್ಟುಕೊಳ್ಳೋಣ. ವಾಪಸ್ ಬಂದರೆ ಅದು ಗೋಲ್ ಅಂತ ಒಪ್ಪುತ್ತೀಯಾ, ಇಲ್ವಾ? ಮೊದಲು ಅದು ತೀರ್ಮಾನವಾಗಲಿ. ಒಳಗೆ ಹೋಗಿತ್ತಾ ಅನ್ನುವುದನ್ನು ಆಮೇಲೆ ನೋಡೋಣ.

ಅಣ್ಣ: ಒಪ್ಪುವುದಿಲ್ಲ. ಚೆಂಡು ಗೋಲಿನಲ್ಲಿ ಉಳಿಯಬೇಕು. ನಮ್ಮ ಟೇಬಲ್‌ನಲ್ಲಿ ಗೋಲಿನ ಡಬ್ಬಿ ಆಳವೇ ಇಲ್ಲ. ಜೋರಾಗಿ ಹೊಡೆದರೆ ಹೊರಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಾನು ಸುಮ್ನೆ ಜೋರು ಮಾಡದೆ, ಮೂಲೆಗೆ ನೂಕುತ್ತೇನೆ.

ಅಕ್ಕ (ಜರ್ಮನಿಯ ಸ್ಟುಟ್‌ಗಾರ್ಟ್): ಇಲ್ಲಿ ನಾವು ಕೆಲಸ ಮುಗಿಸಿ ಆಡುವ ಕಡೆ ಅದು ಗೋಲೇ. ಈ ಆಟಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಇದೆ, ಐಟಿಎಸ್‌ಎಫ್. 2002ರಲ್ಲಿ ಶುರುವಾಗಿದ್ದು. ಅವರ ನಿಯಮದಲ್ಲಿ ಸ್ಪಷ್ಟವಾಗಿದೆ. ಚೆಂಡು ಗೋಲಿನೊಳಗೆ ಹೋಗಿ ಮತ್ತೆ ಮೈದಾನಕ್ಕೆ ಬಂದರೂ, ಟೇಬಲ್ ಬಿಟ್ಟು ಆಚೆ ಹಾರಿದರೂ, ಅದು ಗೋಲ್.

ತಮ್ಮ: ಮುಗಿಯಿತಲ್ಲ!

ಅಣ್ಣ: ಮುಗಿದಿಲ್ಲ. ಅದೇ ನಿಯಮದ ಪುಸ್ತಕ ನಾನೂ ತೆಗೆದು ಓದಿದೆ. ಅದರಲ್ಲಿ ಕಂಬಿಯನ್ನು ಗರಗರ ತಿರುಗಿಸುವಂತಿಲ್ಲ. 360 ಡಿಗ್ರಿಗಿಂತ ಜಾಸ್ತಿ ತಿರುಗಿದರೆ ಫೌಲ್. ನಿನ್ನ ನಾಲ್ಕು ಗೋಲಿನಲ್ಲಿ ಎರಡು ಗರಗರ ತಿರುಗಿಸಿ ಹೊಡೆದಿದ್ದು. ಅವನ್ನು ತೆಗೆದುಹಾಕೋಣವಾ? ಇನ್ನೊಂದು. ಮ್ಯಾಚಿನ ಕೊನೆಯ ಗೇಮಿನಲ್ಲಿ ಎರಡು ಗೋಲಿನ ಅಂತರ ಬೇಕು, ಹೆಚ್ಚೆಂದರೆ 8ರ ತನಕ. ಅಂದರೆ ನಿನ್ನ ಗೋಲ್ ಕೊಟ್ಟರೂ 5-4ಕ್ಕೆ ಮ್ಯಾಚ್ ಮುಗಿಯುವುದೇ ಇಲ್ಲ. ಪುಸ್ತಕ ತರುವುದಾದರೆ ಪೂರ್ತಿ ತನ್ನಿ. ನಿಮಗೆ ಬೇಕಾದ ಒಂದು ಸಾಲು ಮಾತ್ರ ಹರಿದುಕೊಂಡು ಬರಬೇಡಿ.

ಅತ್ತಿಗೆ: ಇದು ಮಾತ್ರ ಇವರು ಸರಿಯಾಗಿಯೇ ಹೇಳಿದ್ದಾರೆ ಅನ್ನಿಸುತ್ತದೆ ನನಗೆ.

ಪುಟ್ಟ: ಹತ್ತು ಸೆಕೆಂಡಿನ ನಿಯಮವೂ ಇದೆ. ಐದು ಬೊಂಬೆಯ ಕಂಬಿಯಲ್ಲಿ ಚೆಂಡು ಇಟ್ಟುಕೊಳ್ಳಬಹುದಾದದ್ದು 10 ಸೆಕೆಂಡ್, ಬೇರೆಯದರಲ್ಲಿ 15. ಅಪ್ಪ ಮುಂದಿನ ಕಂಬಿಯಲ್ಲಿ ಚೆಂಡು ಒತ್ತಿ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ವಿಡಿಯೊದಲ್ಲಿ ಎಣಿಸಿದರೆ ಅವರಿಗೂ ಫೌಲ್ ಬರುತ್ತದೆ.

ಅಣ್ಣ: ಬರಲಿ. ಅದಕ್ಕೇ ಹೇಳುತ್ತಿರುವುದು, ಆ ಪುಸ್ತಕ ನಮ್ಮದಲ್ಲ.

ನಾನು: ಅಣ್ಣ, ನಿನ್ನ ಮಾತಿನಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. ಬೇಕಾದ ಸಾಲು ಮಾತ್ರ ತರುವುದು ತಪ್ಪು. ಆದರೆ ನಾವು ಮಾಡುತ್ತಿರುವುದು ಅದಲ್ಲ. ಕಂಬಿ ತಿರುಗಿಸುವುದಕ್ಕೆ ನಮ್ಮ ಮನೆಯಲ್ಲಿ ನಿಯಮ ಇದೆ. ಮೊದಲ ಲೀಗಿನಲ್ಲೇ ಮಾತಾಡಿ ತಿರುಗಿಸಬಹುದು ಅಂತ ಮಾಡಿಕೊಂಡೆವು, ಮಕ್ಕಳೂ ಆಡಲಿ ಅಂತ. ಅವತ್ತಿನಿಂದ ಎಲ್ಲರೂ ತಿರುಗಿಸಿದ್ದಾರೆ, ನೀನೂ ತಿರುಗಿಸಿದ್ದೀಯ. ಮೊದಲು 5 ಮುಟ್ಟಿದವರು ಗೆದ್ದ ಹಾಗೆ ಅನ್ನುವುದೂ ನಮ್ಮದೇ ನಿಯಮ, ಮಹಡಿ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲಿದೆ. ನಾವು ಒಪ್ಪಿಕೊಂಡ ಕಡೆ ನಮ್ಮ ಮಾತೇ ನಡೆಯಬೇಕು. ಅಲ್ಲಿಗೆ ಹೊರಗಿನ ಪುಸ್ತಕ ಬೇಡ. ಆದರೆ ವಾಪಸ್ ಬಂದ ಚೆಂಡಿನ ಬಗ್ಗೆ ನಮ್ಮ ಹಾಳೆಯಲ್ಲಿ ಒಂದಕ್ಷರವೂ ಇಲ್ಲ. ಮನೆಯ ನಿಯಮ ಸುಮ್ಮನಿರುವ ಕಡೆ ಏನು ಮಾಡಬೇಕು? ಈ ಆಟವನ್ನು ಎಲ್ಲರೂ ಹೇಗೆ ಆಡುತ್ತಾರೋ ಹಾಗೆ ನೋಡಬೇಕು. ಇಲ್ಲದಿದ್ದರೆ ಗೆದ್ದವರು ಆವತ್ತು ಹೇಳಿದ್ದೇ ನಿಯಮ ಆಗಿಬಿಡುತ್ತದೆ.

ಅಕ್ಕ: ನಾನೂ ಇದನ್ನೇ ಹೇಳಬೇಕು ಅಂತಿದ್ದೆ. ಇಲ್ಲಿ ಕೆಲವು ಬಾರ್‌ಗಳಲ್ಲಿ ನಡುವಿನ ಐದು ಬೊಂಬೆಯ ಕಂಬಿಯಿಂದ ಹೊಡೆದ ಗೋಲ್ ಲೆಕ್ಕಕ್ಕೆ ಇಲ್ಲ. ಐಟಿಎಸ್‌ಎಫ್‌ನಲ್ಲಿ ಅದು ಸರಿಯಾದ ಗೋಲ್. ಆದರೂ ಜಗಳ ಬರುವುದಿಲ್ಲ, ಯಾಕೆಂದರೆ ಚೆಂಡು ಹಾಕುವ ಮೊದಲೇ ಕೇಳಿಕೊಳ್ಳುತ್ತಾರೆ.

ಅಣ್ಣ: ಸರಿ, ನಿಯಮ ಬಿಡಿ. ಒಳಗೆ ಹೋಗಿತ್ತು ಅಂತ ಹೇಗೆ ಹೇಳುತ್ತೀರಿ? ಈ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ ಇದೆ. ಚೆಂಡು ಸೆಕೆಂಡಿಗೆ 6 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ 20 ಸೆಂಟಿಮೀಟರ್ ದಾಟಿಬಿಡುತ್ತದೆ. ಒಂದರಲ್ಲಿ ಗೋಲಿನ ಮುಂದಿದೆ, ಮುಂದಿನದರಲ್ಲಿ ವಾಪಸ್ ಬರುತ್ತಿದೆ. ನಡುವೆ ಏನಾಯಿತು ಅಂತ ಯಾರಿಗೂ ಕಾಣುವುದಿಲ್ಲ. ಗೋಲಿನ ಪಕ್ಕದ ಗೋಡೆಗೆ ಬಡಿದಿದ್ದರೂ ಹೀಗೇ ಕಾಣುತ್ತದೆ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇಂಥದ್ದನ್ನು ಹಿಡಿಯೋದಕ್ಕೆ ಮೈದಾನಕ್ಕೆ 14 ಕ್ಯಾಮೆರಾ ಇಟ್ಟಿದ್ದರು. ನಮ್ಮ ಹತ್ತಿರ ಇರುವುದು ಪುಟ್ಟನ ಒಂದು ಫೋನು.

ತಮ್ಮ: ನನಗೆ ಕಂಡಿದೆ ಅಣ್ಣ. ಹೊಡೆದವನು ನಾನು.

ಅಣ್ಣ: ನನಗೆ ಕಂಡಿಲ್ಲ. ತಡೆದವನು ನಾನು. ಸುಳ್ಳು ಹೇಳುತ್ತಿದ್ದೇನೆ ಅಂತೀಯಾ?

ತಮ್ಮ: ಹಾಗಂತ ನಾನು ಹೇಳಿಲ್ಲ. ಯಾವತ್ತೂ ಹೇಳುವುದೂ ಇಲ್ಲ.

ನಾನು: ಚಿತ್ರ ಬಿಟ್ಟು ಸದ್ದು ಕೇಳಿ. ಹೊಡೆದ ತಕ್ಷಣ ಬರುವ ಸದ್ದು. ಗೋಲಿನ ಪಕ್ಕದ ಗೋಡೆ ದಪ್ಪ ಹಲಗೆ, ಬಡಿದರೆ ಗಟ್ಟಿ ಸದ್ದು. ಗೋಲಿನ ಹಿಂದಿರುವುದು ತೆಳು ಪ್ಲೈವುಡ್ಡು, ಅದು ಡಬ್ ಅನ್ನುತ್ತದೆ. ಮಾವ, ನೀವು ಈಗ ಅಲ್ಲೇ ಇದ್ದೀರಲ್ಲ. ಎರಡು ಕಡೆಗೂ ಚೆಂಡು ಹೊಡೆದು ರೆಕಾರ್ಡ್ ಮಾಡಿ ಹಾಕುತ್ತೀರಾ?

ಮಾವ: ಹತ್ತು ನಿಮಿಷ ಕೊಡಿ.

ದೊಡ್ಡಪ್ಪನ ಮಗ: ಫೈನಲ್‌ನಲ್ಲಿ ಇವರಲ್ಲಿ ಒಬ್ಬರು ನನ್ನ ಎದುರು ಆಡಬೇಕು. ನನಗೆ ಯಾರಾದರೂ ಸರಿ. ಆದರೆ 1966ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೆನಪಿಸುತ್ತೇನೆ. ವೆಂಬ್ಲಿಯಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಲೈನ್ಸ್‌ಮನ್ ಗೋಲ್ ಅಂದರು. ಗೆರೆ ದಾಟಿತ್ತಾ ಅಂತ ಇವತ್ತಿಗೂ ವಾದ ಮಾಡುತ್ತಾರೆ. ಕಪ್ ಮಾತ್ರ ಇಂಗ್ಲೆಂಡಿನದ್ದೇ.

ಅಣ್ಣ: ನಾನು ಹೇಳುತ್ತಿರುವುದು ಅದನ್ನೇ. 2010ರ ವಿಶ್ವಕಪ್‌ನಲ್ಲಿ ಉಲ್ಟಾ ಆಯಿತು. ಬ್ಲೂಮ್‌ಫಾಂಟೈನ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದ್ದನ್ನು ಟಿವಿಯಲ್ಲಿ ಇಡೀ ಜಗತ್ತು ನೋಡಿತು. ರೆಫರಿ ಕೊಡಲಿಲ್ಲ. ಜರ್ಮನಿ 4-1 ಗೆದ್ದಿತು. ಆಮೇಲೆ ಯಾರಾದರೂ ಸ್ಕೋರ್ ತಿದ್ದಿದರಾ? ಅಂಪೈರ್ ಮಾತು ಆ ಹೊತ್ತಿಗೆ ಕೊನೆಯದು. ನಾಳೆ ವಿಡಿಯೊ ನೋಡಿ ತಿದ್ದುತ್ತಾ ಹೋದರೆ ಅಂಪೈರ್ ಆಗಿ ನಿಲ್ಲೋದಕ್ಕೆ ಯಾರು ಬರುತ್ತಾರೆ?

ನಾನು: ಅಂಪೈರ್‌ಗೆ ಮರ್ಯಾದೆ ಇರಬೇಕು, ಒಪ್ಪಿದೆ. ಆದರೆ ಆ ಮ್ಯಾಚಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಲ್ಯಾಂಪಾರ್ಡ್ ಹೊಡೆದಾಗ ಸ್ಕೋರ್ 2-1, ಇನ್ನೂ ಮೊದಲರ್ಧವೇ ಮುಗಿದಿರಲಿಲ್ಲ. ಆಮೇಲೆ ಎರಡೂ ತಂಡ ಅರ್ಧಕ್ಕಿಂತ ಜಾಸ್ತಿ ಆಟ ಆಡಿದವು. ಆ ಆಟವನ್ನೆಲ್ಲ ಹಿಂದಕ್ಕೆ ತಿರುಗಿಸೋದಕ್ಕೆ ಆಗುವುದಿಲ್ಲ. ನಮ್ಮಲ್ಲಿ ಆ ಚೆಂಡಿನ ನಂತರ ನಡೆದಿದ್ದು ಒಂದೇ ಒಂದು ಹೊಡೆತ. ಅದೂ ಎದುರಿನವನು ಕೈ ಎತ್ತಿ ನಿಂತಿದ್ದಾಗ. ಚೆಂಡು ಗೋಲಿಗೆ ಹೋದ ಕ್ಷಣವೇ ಆಟ ನಿಂತಿತು ಅಂದರೆ, ಆ ಹೊತ್ತಿಗೇ ಮ್ಯಾಚ್ ಮುಗಿದಿತ್ತು. ತಿದ್ದೋದಕ್ಕೆ ಬೇರೆ ಏನೂ ಇಲ್ಲ. ಮತ್ತೆ, 2010 ಆದ ಮೇಲೆ ಅವರೂ ಸುಮ್ಮನೆ ಕೂರಲಿಲ್ಲ. 2012ರಲ್ಲಿ ಗೋಲ್ ಗೆರೆಯ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟರು. ನೀನು ಹೇಳಿದ 14 ಕ್ಯಾಮೆರಾ ಬಂದಿದ್ದು ಅದರಿಂದಲೇ.

ಮಾವ: [ಆಡಿಯೊ] [ಆಡಿಯೊ] ಮೊದಲನೆಯದು ಪಕ್ಕದ ಗೋಡೆ. ಎರಡನೆಯದು ಗೋಲಿನ ಒಳಗೆ, ಹಿಂದಿನ ಹಲಗೆ. ಮೂರು ಮೂರು ಸಲ ಹೊಡೆದಿದ್ದೇನೆ. ಎರಡನೆಯದರಲ್ಲಿ ಒಂದು ಸಲ ಚೆಂಡು ವಾಪಸ್ ಬಂತು, ನಿನ್ನೆ ಬಂದ ಹಾಗೆಯೇ.

ಪುಟ್ಟ: ಮೂರನ್ನೂ ಒಂದಾದ ಮೇಲೆ ಒಂದು ಜೋಡಿಸಿ ಹಾಕುತ್ತೇನೆ. [ಆಡಿಯೊ] ನಡುವಿನದು ಮ್ಯಾಚಿನದು. ಮೊದಲನೆಯದು ಗೋಡೆ, ಕೊನೆಯದು ಹಲಗೆ.

ಅಕ್ಕ: ಹೆಡ್‌ಫೋನ್ ಹಾಕಿ ಕೇಳಿದೆ. ನಡುವಿನದು ಹಲಗೆಯೇ.

ದೊಡ್ಡಪ್ಪನ ಮಗ: ನನಗೂ ಹಾಗೇ ಕೇಳಿಸಿತು.

ಅತ್ತಿಗೆ: ಹೌದು. ಡಬ್ ಅಂತಲೇ ಬರುತ್ತಿದೆ.

(ಇಲ್ಲಿ ಅಣ್ಣ ಬಹಳ ಹೊತ್ತು ಏನೂ ಬರೆಯಲಿಲ್ಲ. ಟೈಪ್ ಮಾಡುತ್ತಿದ್ದಾನೆ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು. ನನಗೆ ಬೇಜಾರಾಯಿತು. ಅಷ್ಟು ದೂರದಿಂದ ಟೇಬಲ್ ಹೊರಿಸಿಕೊಂಡು ತಂದು, ಸಡಿಲವಾದ ಬೊಂಬೆಗಳನ್ನು ತಾನೇ ಕೂತು ಬಿಗಿ ಮಾಡಿದವನು ಅವನು. ಈ ಲೀಗ್ ನಡೆಯುತ್ತಿರುವುದೇ ಅವನಿಂದ.)

ಅಣ್ಣ: ನಾನೂ ಕೇಳಿದೆ. ಹಲಗೆಯ ಸದ್ದೇ. ಒಳಗೆ ಹೋಗಿತ್ತು. ಗೋಲ್ ಕೊಡಿ.

ತಮ್ಮ: ಅಣ್ಣ, ಬೇಕಾದರೆ 4-4ರಿಂದ ಮತ್ತೆ ಆಡೋಣ. ನನಗೇನೂ ತೊಂದರೆ ಇಲ್ಲ.

ನಾನು: ಬೇಡ. ಮತ್ತೆ ಆಡಿದರೆ ಗೋಲ್ ಆಗಿರಲಿಲ್ಲ ಅಂದ ಹಾಗೆ ಆಗುತ್ತದೆ. ಆಗಿದೆ ಅಂತ ಈಗ ಎಲ್ಲರೂ ಒಪ್ಪಿದ್ದಾರೆ. ಅಣ್ಣನೂ ಒಪ್ಪಿದ್ದಾನೆ. ಅವನು ಒಪ್ಪಿದ್ದನ್ನು ನೀನು ವಾಪಸ್ ಕೊಡಬೇಡ.

ಅಣ್ಣ: ಅವಳು ಹೇಳಿದ್ದು ಸರಿ. ದಾನ ಬೇಡ ನನಗೆ. ಆದರೆ ಒಂದು ಮಾತು. ಅಂಪೈರ್ ಹೇಳಿದ ಮೇಲೆ ಬದಲಾಯಿಸುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. ಈ ಸಲ ಕೊನೆಯ ಹೊಡೆತ ಅಂತ ಒಪ್ಪಿದ್ದೇನೆ. 2-2ರಲ್ಲಿ ಹೀಗಾಗಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಅದನ್ನೂ ಹಾಳೆಯಲ್ಲಿ ಬರೆಯಬೇಕು.

ಮಾವ: ಬರೆಯುತ್ತೇನೆ. ಒಂದು, ಒಳಗೆ ಹೋಗಿ ವಾಪಸ್ ಬಂದರೂ ಗೋಲ್. ಎರಡು, ತಕರಾರು ಇದ್ದರೆ ಮುಂದಿನ ಚೆಂಡು ಹಾಕುವ ಮೊದಲೇ ಹೇಳಬೇಕು. ಹಾಕಿದ ಮೇಲೆ ಕೇಳುವಂತಿಲ್ಲ. ಮೂರು, ಅಂಪೈರ್ ಪಕ್ಕದಲ್ಲಿ ನಿಲ್ಲುವುದು ಬೇಡ, ಗೋಲಿನ ಹಿಂದೆ ಒಬ್ಬರು ನಿಲ್ಲಲಿ. ಅಲ್ಲಿಗೆ ಪುಟ್ಟ.

ಪುಟ್ಟ: ಎರಡು ಗೋಲ್ ಇದೆಯಲ್ಲ ತಾತ. ಇನ್ನೊಂದಕ್ಕೆ?

ಅಣ್ಣ: ಇನ್ನೊಂದಕ್ಕೆ ನಾನು ನಿಲ್ಲುತ್ತೇನೆ. ಭಾನುವಾರ ನನಗೆ ಮ್ಯಾಚ್ ಇಲ್ಲವಲ್ಲ.

ದೊಡ್ಡಪ್ಪನ ಮಗ: ನಾಲ್ಕು ಗಂಟೆಗೆ ಬರುತ್ತೇನೆ. ಆ ಹಿಂದಿನ ಹಲಗೆಗೆ ಏನಾದರೂ ಮೆತ್ತನೆಯದು ಅಂಟಿಸುವುದಾದರೆ ಫೈನಲ್ ಆದ ಮೇಲೆ ಅಂಟಿಸಿ. ಲೀಗ್ ನಡುವೆ ಟೇಬಲ್ ಬದಲಾಯಿಸಬೇಡಿ.

ಅಣ್ಣ: ಅದೂ ಹಾಳೆಯಲ್ಲಿ ಬರಲಿ ಮಾವ.