ಆಸ್ಪಿರಿನ್ ನಾಟುತ್ತಿಲ್ಲ ಅನ್ನುವ ಮುಂಚೆ ಮಾತ್ರೆ ಚೀಲ ಸುರಿದು ನೋಡಿ

ಪ್ರಶ್ನೆ: ಅಪ್ಪನಿಗೆ 68 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ದಿನಾ 75 ಎಂಜಿ ಆಸ್ಪಿರಿನ್ ನುಂಗುತ್ತಾರೆ. ಆದರೂ ಮೊನ್ನೆ ಮಾತು ತೊದಲಿತು, ಹತ್ತು ನಿಮಿಷಕ್ಕೆ ಸರಿಹೋಯಿತು. ಅವರಿಗೆ ಆಸ್ಪಿರಿನ್ ನಾಟುತ್ತಿಲ್ಲ, ಟೆಸ್ಟ್ ಮಾಡಿಸು ಅನ್ನುತ್ತಾರೆ ನೆಂಟರು. ಮಾಡಿಸಿದವರು ಇದ್ದೀರಾ?

ಉತ್ತರ: ಅಕ್ಕ, ಸರಿಹೋಯಿತಲ್ಲ ಅಂತ ಸುಮ್ನೆ ಇರಬೇಡಿ. ಇಂಥದ್ದು ಆದ ಮೊದಲ ಕೆಲವು ದಿನಗಳಲ್ಲೇ ದೊಡ್ಡ ಸ್ಟ್ರೋಕ್ ಆಗುವ ಅಪಾಯ ಜಾಸ್ತಿ. ಇನ್ನೂ ತೋರಿಸಿಲ್ಲ ಅಂದರೆ ಈಗಲೇ ಆಸ್ಪತ್ರೆಗೆ ಹೊರಡಿ.

ನಮ್ಮಮ್ಮನಿಗೂ ಹೀಗೇ ಆಗಿತ್ತು. ಆಸ್ಪಿರಿನ್ ನಾಟುತ್ತಿದೆಯಾ ಅಂತ ರಕ್ತದಲ್ಲಿ ನೋಡುವ ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್ ಬೇಕು ಅಂತ ನಾನೂ ಹಟ ಮಾಡಿದೆ. ಡಾಕ್ಟರು, "ಮೊದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ" ಅಂದರು. ಚೀಲ ಸುರಿದರೆ ಅದರಲ್ಲಿ ಐಬುಪ್ರೊಫೆನ್! ಮಂಡಿ ನೋವಿಗೆ ಅಂತ ಅಮ್ಮ ಬೆಳಿಗ್ಗೆ ಎದ್ದ ತಕ್ಷಣ ಅದನ್ನು ನುಂಗಿ, ತಿಂಡಿ ಆದಮೇಲೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರು. ನಮಗೆ ಗೊತ್ತೇ ಇರಲಿಲ್ಲ.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಕಾಕ್ಸ್-1 ಅನ್ನುವ ಕಿಣ್ವ ಇರುತ್ತದೆ. ಆಸ್ಪಿರಿನ್ ಅದಕ್ಕೆ ಬೀಗ ಜಡಿಯುತ್ತದೆ. ಆ ಪ್ಲೇಟ್‌ಲೆಟ್ ಬದುಕಿರುವ 7ರಿಂದ 10 ದಿನವೂ ಬೀಗ ಬಿಚ್ಚುವುದಿಲ್ಲ. ಆದರೆ ಐಬುಪ್ರೊಫೆನ್ ಮೊದಲೇ ಹೋಗಿ ಅಲ್ಲಿ ಕೂತಿದ್ದರೆ ಆಸ್ಪಿರಿನ್‌ಗೆ ಜಾಗ ಸಿಗುವುದಿಲ್ಲ. ಐಬುಪ್ರೊಫೆನ್ ಎದ್ದು ಹೋಗುವ ಹೊತ್ತಿಗೆ ಆಸ್ಪಿರಿನ್ ರಕ್ತದಲ್ಲಿ ಉಳಿದೇ ಇರುವುದಿಲ್ಲ. ಮಧ್ಯೆ ಮಧ್ಯೆ ಮಾತ್ರೆ ಮರೆತರೂ ಕಷ್ಟವೇ. ಹೊಸ ಪ್ಲೇಟ್‌ಲೆಟ್‌ಗಳು ದಿನಾ ಹುಟ್ಟುತ್ತಲೇ ಇರುತ್ತವೆ ಅಲ್ವಾ?

2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 400 ಆರೋಗ್ಯವಂತರನ್ನು ನೋಡಿದರು. ಆಸ್ಪಿರಿನ್ ನಿಜಕ್ಕೂ ನಾಟದವರು ಒಬ್ಬರೂ ಸಿಗಲಿಲ್ಲ. ಕೆಲವರಲ್ಲಿ ಮಾತ್ರೆಯ ಮೇಲಿನ ಲೇಪದಿಂದಾಗಿ ಅದು ರಕ್ತಕ್ಕೆ ಸೇರುವುದು ತಡವಾಗಿತ್ತು, ಅಷ್ಟೆ. ಅಮ್ಮನ ನೋವಿನ ಮಾತ್ರೆ ಬದಲಾಯಿಸಿದರು. ಟೆಸ್ಟ್ ಮಾಡಿಸಲೇ ಇಲ್ಲ.

ಇನ್ನೊಬ್ಬರು: ನಮ್ಮ ಮಾವನವರು ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಹೋಲ್ಟರ್ ಅನ್ನುವ, ಎದೆಬಡಿತ ದಾಖಲಿಸುವ ಯಂತ್ರ ಕಟ್ಟಿ 24 ಗಂಟೆ ನೋಡಿದಾಗ ಎದೆಬಡಿತ ಆಗಾಗ ಹದ ತಪ್ಪುವುದು ಗೊತ್ತಾಯಿತು. ಹೆಪ್ಪು ಹೃದಯದಿಂದ ಬರುತ್ತಿತ್ತು. ಅದಕ್ಕೆ ಆಸ್ಪಿರಿನ್ ಸಾಲದಂತೆ, ಹೆಪ್ಪು ತಡೆಯುವ ಅಪಿಕ್ಸಾಬಾನ್ ಅನ್ನುವ ಬೇರೆ ಮಾತ್ರೆ ಕೊಟ್ಟರು. ಕತ್ತಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಬಗ್ಗೆಯೂ ಕೇಳಿ.

ಮತ್ತೊಬ್ಬರು: ದಯವಿಟ್ಟು ನೀವೇ ಡೋಸ್ ಹೆಚ್ಚಿಸಬೇಡಿ. ನಾವು ಹೆದರಿ ಅಪ್ಪನಿಗೆ ದಿನಕ್ಕೆ ಮೂರು ಮಾತ್ರೆ ಕೊಟ್ಟೆವು. ಮಲ ಕಪ್ಪಗಾಯಿತು, ಹೊಟ್ಟೆಯೊಳಗೆ ರಕ್ತ ಸುರಿದು ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಆಮೇಲೆ ಡಾಕ್ಟರು ಆಸ್ಪಿರಿನ್ ಬಿಡಿಸಿ, ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್‌ಗೆ ಬದಲಾಯಿಸಿದರು. ಗ್ಯಾಸ್ಟ್ರಿಕ್‌ಗೆ ಅಂತ ಮನೆಯಲ್ಲಿದ್ದ ಒಮೆಪ್ರಜೋಲ್ ಅದರ ಬಲ ತಗ್ಗಿಸುತ್ತದೆ ಅಂತ ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಚೀಲಕ್ಕೆ ಹಾಕಿಕೊಂಡೇ ಹೋಗಿ.